ಪ್ರಾರ್ಥನೆಗೆ ಒತ್ತಾಯ ಬೇಡ

ಸಹೋದರಿ, ನಮಸ್ಕಾರ.

ಸೇನೆಯಿಂದ ನಿವೃತ್ತರಾದ ನಿಮ್ಮ ಯಜಮಾನರಿಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ, ಬಾಗಿಲು ಬಡಿದರೂ ಬೆಚ್ಚಿಬೀಳುತ್ತಾರೆ ಎಂದು ಬರೆದಿದ್ದೀರಿ. ಮೊದಲು ತಪ್ಪದೆ ಪ್ರಾರ್ಥನೆ ಮಾಡುತ್ತಿದ್ದವರು ಈಗ ದೇವರ ಹೆಸರೆತ್ತಿದರೆ ಎದ್ದು ಹೋಗುತ್ತಾರಂತೆ. ‘ಭಕ್ತಿ ಕಡಿಮೆಯಾಗಿದ್ದಕ್ಕೇ ಹೀಗಾಗಿದೆ, ಒತ್ತಾಯ ಮಾಡಿಯಾದರೂ ಕೂರಿಸು’ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಹಾಗೆ ಮಾಡಲೇ ಎಂದು ಕೇಳಿದ್ದೀರಿ.

ಬೇಡ. ದಯವಿಟ್ಟು ಒತ್ತಾಯ ಮಾಡಬೇಡಿ.

ಭಕ್ತಿ ಹೋಗಿದ್ದಕ್ಕೆ ಕಾಯಿಲೆ ಬಂತು ಎನ್ನುವುದಕ್ಕಿಂತ, ಯುದ್ಧದಲ್ಲಿ ಕಂಡದ್ದೇ ಎರಡನ್ನೂ ತಂದಿರಬಹುದು. ನೀವು ಬರೆದ ಲಕ್ಷಣಗಳು ಪಿಟಿಎಸ್‌ಡಿಯಲ್ಲಿ, ಅಂದರೆ ಭೀಕರ ಅನುಭವದ ನಂತರ ಕಾಡುವ ಮಾನಸಿಕ ಕಾಯಿಲೆಯಲ್ಲಿ ಕಾಣುವಂಥವು. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿದ್ದು 1980ರಲ್ಲಿ. ಅಪಾಯ ಮುಗಿದಿದ್ದರೂ ದೇಹ ಇನ್ನೂ ಕಾವಲು ಬಿಟ್ಟಿರುವುದಿಲ್ಲ. ನಿಜವಾಗಿಯೂ ಅದೇ ಹೌದೋ ಅಲ್ಲವೋ ಎಂದು ಮನೋವೈದ್ಯರೇ ನೋಡಿ ಹೇಳಬೇಕು. ಇದಕ್ಕೆ ಒಳ್ಳೆಯ ಚಿಕಿತ್ಸೆಗಳಿವೆ, ತಡ ಮಾಡಬೇಡಿ.

ಆದರೆ ಸೈನಿಕರಲ್ಲಿ ಭಯದ ಜೊತೆ ಇನ್ನೊಂದು ನೋವೂ ಇರುತ್ತದೆ. ತಾನು ಮಾಡಿದ್ದು, ತಡೆಯಲಾಗದೆ ನೋಡುತ್ತ ನಿಂತದ್ದು, ನಂಬಿದ ಮೇಲಿನವರೇ ಕೈಬಿಟ್ಟದ್ದು. ವಿಯೆಟ್ನಾಂ ಯುದ್ಧದಿಂದ ಮರಳಿದವರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ ಜೋನಾಥನ್ ಶೇ ಇದನ್ನು ನೈತಿಕ ಗಾಯ ಎಂದು ಕರೆದರು. ‘ನನ್ನಂಥವನಿಗೆ ಕ್ಷಮೆ ಇದೆಯಾ? ಅವನು ಸತ್ತು ನಾನು ಯಾಕೆ ಉಳಿದೆ?’ ಇಂಥ ಪ್ರಶ್ನೆಗೆ ಮಾತ್ರೆಯಲ್ಲಿ ಉತ್ತರ ಇರುವುದಿಲ್ಲ ಅಲ್ವಾ? ಈ ಪ್ರಶ್ನೆ ಇಟ್ಟುಕೊಂಡು ಪ್ರಾರ್ಥನೆಗೆ ಕೂರುವುದು ಕೆಲವರಿಗೆ ಕಟಕಟೆಯಲ್ಲಿ ನಿಂತ ಹಾಗೆ. ನಿಮ್ಮವರು ಎದ್ದು ಹೋಗುವುದು ಅದಕ್ಕೇ ಇರಬಹುದು. ಅದನ್ನು ನಾಸ್ತಿಕತನ ಎಂದುಕೊಳ್ಳಬೇಡಿ.

2004ರಲ್ಲಿ ಫಾಂಟಾನಾ ಮತ್ತು ರೋಸೆನ್‌ಹೆಕ್ ಎಂಬ ಸಂಶೋಧಕರು ಮಾಜಿ ಸೈನಿಕರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಕೊಂದದ್ದು, ಸಾವನ್ನು ತಡೆಯಲಾಗದೆ ಹೋದದ್ದು ಅವರ ನಂಬಿಕೆಯನ್ನು ಸಡಿಲಿಸಿತ್ತು. ನಂಬಿಕೆ ಸಡಿಲವಾದವರು, ಅಪರಾಧಿ ಭಾವ ಹೊತ್ತವರು ಮಾನಸಿಕ ಚಿಕಿತ್ಸೆಗೆ ಜಾಸ್ತಿ ಬರುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಬರೀ ನಿದ್ದೆಯನ್ನಲ್ಲ, ಬದುಕಿಗೊಂದು ಅರ್ಥವನ್ನೂ ಎಂದು ನನಗನ್ನಿಸುತ್ತದೆ.

ಹಾಗಾದರೆ ಜಪ, ಧ್ಯಾನ ಎಲ್ಲ ವ್ಯರ್ಥವೇ? ಖಂಡಿತ ಅಲ್ಲ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 173 ಮಾಜಿ ಸೈನಿಕರು ಪಾಲ್ಗೊಂಡಿದ್ದರು. ತಾವೇ ಆರಿಸಿಕೊಂಡ ಪವಿತ್ರ ಪದವನ್ನು ದಿನದ ನಡುವೆ ಮನಸ್ಸಿನಲ್ಲೇ ಹೇಳಿಕೊಳ್ಳಲು ಕಲಿತವರಲ್ಲಿ ಪಿಟಿಎಸ್‌ಡಿ ಲಕ್ಷಣಗಳೂ ನಿದ್ರಾಹೀನತೆಯೂ ಇನ್ನೊಂದು ಬಗೆಯ ಚಿಕಿತ್ಸೆ ಪಡೆದವರಿಗಿಂತ ಜಾಸ್ತಿ ಇಳಿದವು. ‘ತಾವೇ ಆರಿಸಿಕೊಂಡ’ ಎಂಬುದನ್ನು ಹಿರಿಯರಿಗೆ ಓದಿ ಹೇಳಿ. ಇನ್ನೊಂದು ಎಚ್ಚರಿಕೆ. ಕಣ್ಣು ಮುಚ್ಚಿ ಮೌನವಾಗಿ ಕೂತಾಗ ಕೆಲವರಿಗೆ ಹಳೆಯ ದೃಶ್ಯಗಳೇ ನುಗ್ಗಿ ಬರುತ್ತವೆ. ಅಂಥವರು ಕಣ್ಣು ತೆರೆದೇ ಕೂರಲಿ, ನಡೆಯುತ್ತ ಜಪಿಸಲಿ. ಬೇಡ ಎನಿಸಿದರೆ ಬಿಡಲಿ.

ನೀವು ಮಾಡಬಹುದಾದ ದೊಡ್ಡ ಕೆಲಸ ಕೇಳಿಸಿಕೊಳ್ಳುವುದು. ಅವರು ಏನಾದರೂ ಹೇಳತೊಡಗಿದರೆ ‘ಅದು ನಿಮ್ಮ ಕರ್ತವ್ಯ, ಮರೆತುಬಿಡಿ’ ಎಂದು ತಕ್ಷಣ ಸಮಾಧಾನ ಮಾಡಬೇಡಿ. ಪ್ರೀತಿಯಿಂದ ಹೇಳಿದರೂ ಅಲ್ಲಿಗೆ ಮಾತು ನಿಂತುಹೋಗುತ್ತದೆ. ಅವರು ನಂಬುವ ಒಬ್ಬ ಹಳೆಯ ಸೇನಾ ಗೆಳೆಯರಿದ್ದರೆ ಮನೆಗೆ ಕರೆಯಿರಿ. ತೀರ್ಪು ಕೊಡದೆ ಕೇಳುವ ಧರ್ಮಗುರುಗಳು ಸಿಕ್ಕರೆ ಅವರೂ ಆಗಬಹುದು, ಆದರೆ ವೈದ್ಯರ ಬದಲಿಗಲ್ಲ, ಅವರ ಜೊತೆಗೆ.

‘ನಾನು ಇರಬಾರದಿತ್ತು’ ಎಂಬಂಥ ಮಾತು ಬಂದರೆ ಮಾತ್ರ ಕಾಯಬೇಡಿ. ಸಾಯುವ ಯೋಚನೆ ಇದೆಯಾ ಎಂದು ನೇರವಾಗಿಯೇ ಕೇಳಿ. ಒಬ್ಬರನ್ನೇ ಬಿಡದೆ, ಅಂದೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಸಂಪಾದಕ