ಮಣ್ಣು ಪರೀಕ್ಷೆಗೆ ನಮ್ಮ ತೆರಿಗೆ ಹಣ ಏಕೆ?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಗರದೊಳಗೆ ಪಾಳು ಬಿದ್ದ ಕಾರ್ಖಾನೆ ಜಾಗಗಳ ಮಣ್ಣು ಪರೀಕ್ಷೆಗೆ ಸರ್ಕಾರವೇ ದುಡ್ಡು ಕೊಡಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ನಿಮಗೆ ಅದು ಒಪ್ಪಿಗೆಯಾಗಿಲ್ಲ. "ಹೊಲಸು ಮಾಡಿದವನು ಒಬ್ಬ, ಲಾಭ ಮಾಡಿಕೊಳ್ಳುವ ಬಿಲ್ಡರ್ ಇನ್ನೊಬ್ಬ. ನಡುವೆ ನಮ್ಮ ತೆರಿಗೆ ಹಣ ಏಕೆ? ಕೊನೆಗೆ ಆ ವರದಿ ಬೀರುವಿನಲ್ಲಿ ಧೂಳು ತಿನ್ನುತ್ತೆ, ಅಷ್ಟೇ" ಎಂದಿದ್ದೀರಿ. ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ. ಆದರೂ ನಾವು ಬರೆದದ್ದು ಸರಿ ಅಂತಲೇ ನನಗೆ ಅನ್ನಿಸುತ್ತದೆ.

ಹೊಲಸು ಮಾಡಿದವರೇ ಖರ್ಚು ಕೊಡಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಯಾರು, ಏನನ್ನು, ಎಷ್ಟು ಸುರಿದಿದ್ದಾರೆ ಅಂತ ಗೊತ್ತಾಗುವುದು ಪರೀಕ್ಷೆ ಆದ ಮೇಲೆ ಅಲ್ವಾ? ಆ ಪರೀಕ್ಷೆ ಮಾಡಿಸಲು ಯಾರಿಗೂ ಮನಸ್ಸಿಲ್ಲ. ವಿಷ ಸಿಕ್ಕಿದರೆ ಜಾಗದ ಬೆಲೆ ಬಿದ್ದು ಹೋಗುತ್ತದೆ, ಶುದ್ಧ ಮಾಡುವ ಹೊಣೆ ತಲೆಗೆ ಬರುತ್ತದೆ ಅಂತ ಮಾಲೀಕನಿಗೆ ಭಯ. ಕೊಳ್ಳಲು ಬಂದವನು ಅನುಮಾನ ಬಂದ ಕೂಡಲೇ ಊರಾಚೆಯ ಹೊಲ ನೋಡಿಕೊಳ್ಳುತ್ತಾನೆ. ಬ್ಯಾಂಕು ಸಾಲ ಕೊಡುವುದಿಲ್ಲ. ವಿಷ ಸುರಿದ ಕಂಪನಿ ಎಷ್ಟೋ ಸಲ ಬಾಗಿಲು ಮುಚ್ಚಿಕೊಂಡು ಹೋಗಿರುತ್ತದೆ. ಎಲ್ಲರೂ ಕೈಕಟ್ಟಿ ಕೂತರೆ ಜಾಗ ವರ್ಷಗಟ್ಟಲೆ ಬೇಲಿಯೊಳಗೇ ಉಳಿಯುತ್ತದೆ. ಬೇಲಿಯ ಈಚೆ ಬದಿಯ ಮನೆಗಳಲ್ಲಿ ಮಾತ್ರ ಮಕ್ಕಳು ಬೆಳೆಯುತ್ತಿರುತ್ತಾರೆ.

ಅಮೆರಿಕದ ನಯಾಗರ ಫಾಲ್ಸ್ ನಗರದ ಲವ್ ಕೆನಾಲ್ ಕಥೆ ನೋಡಿ. ಅರ್ಧಕ್ಕೆ ಬಿಟ್ಟ ಕಾಲುವೆಯಲ್ಲಿ ಹುಕರ್ ಕೆಮಿಕಲ್ ಕಂಪನಿ ಸುಮಾರು 20,000 ಟನ್ ರಾಸಾಯನಿಕ ಕಸ ಹೂತಿತ್ತು. 1953ರಲ್ಲಿ ಆ ಜಾಗವನ್ನು 1 ಡಾಲರ್‌ಗೆ ಶಾಲಾ ಮಂಡಳಿಗೆ ಬರೆದುಕೊಟ್ಟಿತು. ಒಳಗೆ ರಾಸಾಯನಿಕ ಇದೆ ಎಂಬ ಮಾತು ಆ ಕ್ರಯಪತ್ರದಲ್ಲೇ ಇತ್ತು. ಆದರೂ ಶಾಲೆ ಎದ್ದಿತು, ಸುತ್ತ ಮನೆಗಳೂ ಬಂದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಬೇಕಾಯಿತು.

ಆ ಪೆಟ್ಟಿನಿಂದಲೇ 1980ರಲ್ಲಿ, ವಿಷ ತುಂಬಿದ ಜಾಗಗಳನ್ನು ಶುದ್ಧ ಮಾಡಿಸುವ ಸೂಪರ್‌ಫಂಡ್ ಕಾನೂನು ಬಂತು. ಹೊಲಸು ಮಾಡಿದವರ ಜೊತೆಗೆ ಜಾಗದ ಈಗಿನ ಮಾಲೀಕರನ್ನೂ ಅದು ಹೊಣೆ ಮಾಡಿತು. ಆಗ ಜನ ಹಳೆ ಕಾರ್ಖಾನೆ ಜಾಗ ಮುಟ್ಟಲೂ ಹೆದರಿದರು. ಆ ಗಂಟು ಬಿಡಿಸಲು 1990ರ ದಶಕದಲ್ಲಿ ಅಲ್ಲಿನ ಪರಿಸರ ಸಂಸ್ಥೆ ಪರೀಕ್ಷೆಗೆ ಅಂತಲೇ ಅನುದಾನ ಕೊಡತೊಡಗಿತು. 2002ರಲ್ಲಿ ಅದಕ್ಕೆ ಪ್ರತ್ಯೇಕ ಕಾನೂನು ಆಯಿತು. 2021ರ ಮೂಲಸೌಕರ್ಯ ಕಾನೂನು ಇಂಥ ಜಾಗಗಳ ಪರೀಕ್ಷೆ, ಶುದ್ಧೀಕರಣದ ಬಾಬ್ತಿಗೆ 150 ಕೋಟಿ ಡಾಲರ್ ಇಟ್ಟಿತು. ಅಲ್ಲಿ ಇಂಥ ಜಾಗಗಳು 4.5 ಲಕ್ಷಕ್ಕೂ ಜಾಸ್ತಿ ಎಂಬ ಅಂದಾಜಿದೆ. ಇನ್ನೊಂದು ಮಾತು: ಮಾಲಿನ್ಯಕ್ಕೆ ತಾನೇ ಹೊಣೆಯಾದ ನಗರಸಭೆ ಆ ಜಾಗಕ್ಕೆ ಈ ಹಣ ಬಳಸುವಂತಿಲ್ಲ. ನೀವು ಕೇಳುವ ನ್ಯಾಯ ಅಲ್ಲಿ ನಿಯಮದೊಳಗೇ ಇದೆ.

ಪರೀಕ್ಷೆ ಅಂದರೆ ಸುಮ್ನೆ ಗುಂಡಿ ತೋಡುವುದಲ್ಲ. ಮೊದಲ ಹಂತದಲ್ಲಿ ಒಂದು ಹಿಡಿ ಮಣ್ಣೂ ಎತ್ತುವುದಿಲ್ಲ. ಹಳೆ ದಾಖಲೆ, ಬೆಂಕಿ ವಿಮೆಯವರು ಬರೆಸಿದ್ದ ನಕ್ಷೆ, ಅಲ್ಲಿ ದುಡಿದವರ ನೆನಪು, ಇವುಗಳಿಂದ ಎಣ್ಣೆ ಟ್ಯಾಂಕು ಎಲ್ಲಿತ್ತು, ಕಸ ಎಲ್ಲಿ ಸುರಿದರು ಅಂತ ಹುಡುಕುತ್ತಾರೆ. ಎರಡನೇ ಹಂತದಲ್ಲಿ ಬೋರ್ ಕೊರೆದು ಮಣ್ಣು, ನೀರು ಎತ್ತುತ್ತಾರೆ. ನಾನು ಒಮ್ಮೆ ಪಕ್ಕದಲ್ಲೇ ನಿಂತು ನೋಡಿದ್ದೇನೆ. ನೆಲದಿಂದ ಎತ್ತಿದ ಪ್ಲಾಸ್ಟಿಕ್ ಕೊಳವೆಯನ್ನು ಉದ್ದಕ್ಕೆ ಸೀಳಿದರು. ಮೇಲೆ ಇಟ್ಟಿಗೆ ಚೂರು, ಕೆಳಗೆ ಬೂದಿ, ಅದರ ಕೆಳಗೆ ಮಿರಮಿರ ಹೊಳೆಯುವ ಕಪ್ಪು ಮಣ್ಣು. ಡಾಂಬರಿನ ವಾಸನೆ ಮೂಗಿಗೆ ಹೊಡೆಯಿತು. ಪರೀಕ್ಷೆಗೆ ಕೊರೆದ ಬಾವಿಯ ನೀರನ್ನು ಚಿಕ್ಕ ಸೀಸೆಗೆ ಅಂಚಿನವರೆಗೂ ತುಂಬಿ, ಮುಚ್ಚಿ, ಮಾದರಿ ತೆಗೆಯುತ್ತಿದ್ದ ಹುಡುಗಿ ತಲೆಕೆಳಗು ಮಾಡಿ ನೋಡಿದಳು. ಒಂದು ಗುಳ್ಳೆ ಕಂಡಿತು. ಚೆಲ್ಲಿ ಮತ್ತೆ ತುಂಬಿದಳು. ಗುಳ್ಳೆಯೊಳಕ್ಕೆ ವಿಷ ಆವಿಯಾಗಿ ಸೇರಿಕೊಂಡರೆ ಲ್ಯಾಬಿನಲ್ಲಿ ಲೆಕ್ಕ ಕಡಿಮೆ ಬರುತ್ತದೆ.

ಈ ಲೆಕ್ಕ ಯಾರ ಕೈಯಲ್ಲಿ ಇರಬೇಕು? ನನ್ನ ಮುಖ್ಯ ಮಾತು ಇದೇ. ಮಾಲೀಕ ದುಡ್ಡು ಕೊಟ್ಟರೆ ವರದಿ ಮಾಲೀಕನದು. ಬೇಡವಾದ ಅಂಕಿ ಬಂದರೆ ಅದು ಹೊರಗೆ ಬರುವುದು ಕಷ್ಟ. ಬಟ್ಟೆ ಡ್ರೈಕ್ಲೀನ್ ಮಾಡುವ ದ್ರಾವಕ ನೀರಿಗಿಂತ ಭಾರ. ಅದು ಅಂತರ್ಜಲಕ್ಕೆ ಇಳಿದು, ಹರಿದು, ಆವಿಯಾಗಿ ಪಕ್ಕದ ಮನೆಯ ನೆಲದ ಬಿರುಕಿನಿಂದ ಮೇಲೇಳಬಲ್ಲದು. ಆ ಮನೆಯವರಿಗೆ ವರದಿ ಓದುವ ಹಕ್ಕು ಬೇಡವೇ? ನಾವೆಲ್ಲ ಸೇರಿ ದುಡ್ಡು ಕೊಟ್ಟಾಗ "ತೋರಿಸಿ" ಎಂದು ಕೇಳಲು ಒಂದು ನೆಲೆ ಇರುತ್ತದೆ.

ಬೀರುವಿನ ಧೂಳಿನ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಮೊದಲ ಹಂತದ ವರದಿಯ ಮುಖ್ಯ ಭಾಗಗಳನ್ನು ಅಮೆರಿಕದಲ್ಲಿ 180 ದಿನ ಕಳೆದರೆ ಹೊಸದಾಗಿ ಮಾಡಬೇಕು. ಹಾಗಾಗಿ ಆ ಜಾಗದಲ್ಲಿ ಮುಂದೆ ಏನು ಬರಬೇಕು ಎಂದು ಸುತ್ತಲಿನವರೊಂದಿಗೆ ಕೂತು ಮಾತಾಡದೆ ಪರೀಕ್ಷೆ ಮಾಡಿಸಿದರೆ ಹಣ ವ್ಯರ್ಥ. ಪರೀಕ್ಷೆಯಿಂದ ಬಿಲ್ಡರ್‌ಗೆ ಲಾಭವಾದರೆ ಆ ಖರ್ಚನ್ನು ಅವರಿಂದ ವಾಪಸ್ ಪಡೆಯುವ ಷರತ್ತೂ ಅನುದಾನದಲ್ಲೇ ಇರಬೇಕು. ಇವೆರಡನ್ನೂ ನಾವು ಬರೆಯದೆ ಬಿಟ್ಟೆವು. ಅದು ನಮ್ಮ ಲೋಪ. ನಿಮ್ಮ ಪತ್ರವನ್ನು ಪೂರ್ತಿಯಾಗಿ ಈ ಉತ್ತರದ ಜೊತೆಗೇ ಅಚ್ಚು ಮಾಡುತ್ತಿದ್ದೇವೆ.

– ಸಂ.