ಬೀಜಕ್ಕಿಂತ ಮೊದಲು ನೆಲ ನೋಡಿ
ಮುಚ್ಚಿದ ಕಲ್ಲಿದ್ದಲು ಗಣಿಯ ಇಳಿಜಾರಿನಲ್ಲಿ ಬಿತ್ತಿದ ಹುಲ್ಲು ಮೊದಲ ಮಳೆಗೇ ಕೊಚ್ಚಿಹೋಯಿತು, ಇನ್ನೂ ಜಾಸ್ತಿ ಬೀಜ ಹಾಕಲಾ ಅಂತ ಕೇಳಿದ್ದೀರಿ. ಬೇಡ, ಸುಮ್ನೆ ದುಡ್ಡು ದಂಡ. ಒಂದು ಕಬ್ಬಿಣದ ಸಲಾಕೆ ಚುಚ್ಚಿ ನೋಡಿ. ಗೇಣುದ್ದವೂ ಇಳಿಯದಿದ್ದರೆ ಬುಲ್ಡೋಜರ್ ಓಡಾಡಿ ನೆಲ ಗಟ್ಟಿಯಾಗಿದೆ ಅಂತ ಅರ್ಥ, ನೀರು ಇಂಗದೆ ಮೇಲೇ ಹರಿದು ಬೀಜ, ಮಣ್ಣು ಎರಡನ್ನೂ ಒಯ್ಯುತ್ತದೆ. ಇಳಿಜಾರಿಗೆ ಅಡ್ಡಲಾಗಿ ಆ ಗಟ್ಟಿ ನೆಲವನ್ನು ಆಳಕ್ಕೆ ಸೀಳಿಸಿ, ಮೇಲ್ಭಾಗ ಒರಟಾಗಿಯೇ ಇರಲಿ. ನುಣ್ಣಗಿದ್ದರೆ ನೋಡೋಕೆ ಚೆಂದ, ಆದರೆ ಕೊರಕಲು ಬೀಳೋದು ಅಲ್ಲೇ ಅಲ್ವಾ? ಬಿತ್ತಿದ ಮೇಲೆ ಒಣಹುಲ್ಲು ಹೊದಿಸಿ. ಮಣ್ಣು ಎಷ್ಟು ಹುಳಿ ಅಂತ ತೋರಿಸುವ ಪಿಎಚ್ ಪರೀಕ್ಷೆಯನ್ನೂ ಮಾಡಿಸಿ. ಗಣಿಮಣ್ಣಿನಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇದ್ದರೆ ಗಾಳಿ, ನೀರು ತಾಗಿ ಆಮ್ಲ ಹುಟ್ಟುತ್ತದೆ, ಆಗ ಸುಣ್ಣ ಹಾಕದೆ ಹುಲ್ಲು ಏಳುವುದು ಕಷ್ಟ. ಮರ ಬೆಳೆಸುವ ಆಸೆ ಇದ್ದರೆ ಸುಮಾರು 1.2 ಮೀಟರ್ ಸಡಿಲ ಮಣ್ಣು ಬೇಕು, ಹುಲ್ಲು ತೆಳ್ಳಗಿರಬೇಕು, ಇಲ್ಲದಿದ್ದರೆ ಸಸಿಗೆ ಸಿಗಬೇಕಾದ ನೀರನ್ನೆಲ್ಲ ಅದೇ ಕುಡಿದುಬಿಡುತ್ತದೆ.