ಬಿಲ್ಲಿಂಗ್ ಕಂಪ್ಯೂಟರಿಗೆ ವೈರಸ್, ಅಪ್‌ಡೇಟ್ ಬಂದ್: ಫಾರ್ಮ್ಯಾಟ್ ಮಾಡಿಸಲೇಬೇಕಾ?

ನೀವು ಕೇಳಿದ್ದು ಇಷ್ಟು. ಡೊಂಬಿವಲಿಯ ನಿಮ್ಮ ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಪೆನ್‌ಡ್ರೈವ್ ಹಾಕಿದರೆ ಫೈಲುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುತ್ತವೆ. ಅಪ್‌ಡೇಟ್ ಒತ್ತಿದರೆ 80070422 ಅನ್ನುವ ಎರರ್ ಬರುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಒಮ್ಮೊಮ್ಮೆ ಡಿಎಲ್‌ಎಲ್ ಫೈಲ್ (ಸಾಫ್ಟ್‌ವೇರ್ ಓಡಲು ಬೇಕಾದ ಸಹಾಯಕ ಫೈಲು) ಇಲ್ಲ ಅಂತ ಹೇಳಿ ತೆರೆಯುವುದೇ ಇಲ್ಲ. ರಿಪೇರಿಯವರು ಫಾರ್ಮ್ಯಾಟ್ ಮಾಡಿಬಿಡೋಣ ಅನ್ನುತ್ತಿದ್ದಾರೆ.

ಈಗಲೇ ಬೇಡ ಮಾರಾಯ್ರೆ. ನಾನು ಮಾಟುಂಗಾ, ಠಾಣೆ ಕಡೆಯ ಹೋಟೆಲುಗಳ, ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು. ನೀವು ಬರೆದ ತೊಂದರೆಗಳು ನನಗೆ ಜಾಸ್ತಿ ಸಲ ಒಂದೇ ಕಂಪ್ಯೂಟರಿನಲ್ಲಿ ಒಟ್ಟಿಗೇ ಸಿಗುತ್ತವೆ. ಅಪ್‌ಡೇಟ್ ಇಲ್ಲದ ಕಂಪ್ಯೂಟರಿಗೆ ವೈರಸ್ ಸುಲಭವಾಗಿ ನುಗ್ಗುತ್ತದೆ. ನುಗ್ಗಿದ ವೈರಸ್ ಅಪ್‌ಡೇಟನ್ನೇ ಕಟ್ಟಿಹಾಕುತ್ತದೆ. 2008ರಲ್ಲಿ ಬಂದ ಕಾನ್‌ಫಿಕರ್ ಅನ್ನುವ ವೈರಸ್ ಮಾಡಿದ್ದೂ ಇದನ್ನೇ. ಅದು ವಿಂಡೋಸ್ ಅಪ್‌ಡೇಟ್ ಸರ್ವಿಸನ್ನು ನಿಲ್ಲಿಸಿ, ಆಂಟಿವೈರಸ್ ಕಂಪನಿಗಳ ತಾಣಗಳು ತೆರೆಯದಂತೆ ಮಾಡುತ್ತಿತ್ತು. ಆದ್ದರಿಂದ ಯಾವ ಕೆಲಸ ಮೊದಲು ಅನ್ನುವುದೇ ಇಲ್ಲಿ ಮುಖ್ಯ. ಮೊದಲು ವೈರಸ್, ಆಮೇಲೆ ಅದು ಕೆಡಿಸಿಟ್ಟ ಸಿಸ್ಟಂ ಫೈಲು, ಕೊನೆಗೆ ಅಪ್‌ಡೇಟ್. ವೈರಸ್ ಇರುವಾಗಲೇ ಅಪ್‌ಡೇಟ್ ಸರಿಮಾಡಲು ಹೋದರೆ ಮರುದಿನ ಅದೇ ಎರರ್ ಮತ್ತೆ ಬಂದಿರುತ್ತದೆ.

ಇದಕ್ಕೆಲ್ಲ ಮುಂಚೆ ಇಂಟರ್ನೆಟ್ ಕೇಬಲ್ ತೆಗೆದುಬಿಡಿ, ಬಿಲ್ಲಿಂಗ್ ಡೇಟಾ ಕಾಪಿ ಮಾಡಿಕೊಳ್ಳಿ. ಡೇಟಾ ಯಾವ ಫೋಲ್ಡರಿನಲ್ಲಿದೆ ಅಂತ ಸಾಫ್ಟ್‌ವೇರಿನವರಿಗೇ ಫೋನ್ ಮಾಡಿ ಕೇಳಿ, ಅಂದಾಜಿನ ಮೇಲೆ ಹೋಗಬೇಡಿ. ಜಿಎಸ್‌ಟಿ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು, ಗೊತ್ತಲ್ವಾ? ಡೇಟಾ ಹೋದರೆ ಕಂಪ್ಯೂಟರ್ ಸರಿಯಾಗಿ ಏನು ಬಂತು? ಡೇಟಾ ಫೈಲು ಮಾತ್ರ ಕಾಪಿ ಮಾಡಿ, ಸೆಟಪ್ ಫೈಲುಗಳನ್ನು ಬಿಟ್ಟುಬಿಡಿ. ಆ ಡ್ರೈವನ್ನು ಸ್ಕ್ಯಾನ್ ಆಗುವವರೆಗೆ ಬೇರೆ ಕಂಪ್ಯೂಟರಿಗೆ ಚುಚ್ಚಬೇಡಿ. ಫೈಲುಗಳ ಹೆಸರೇ ಬದಲಾಗಿ, ದುಡ್ಡು ಕೊಡಿ ಅನ್ನುವ ಸಂದೇಶ ಕಂಡರೆ ಮಾತ್ರ ಅಲ್ಲೇ ನಿಲ್ಲಿಸಿ. ಅದು ರ‍್ಯಾನ್ಸಂವೇರ್. ದುಡ್ಡು ಕಟ್ಟಬೇಡಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ವೈರಸ್ ವಿಷಯ. ಹಳೆಯ ಟ್ರಯಲ್ ಆಂಟಿವೈರಸ್ ಅವಧಿ ಮುಗಿದು ಸುಮ್ನೆ ಕೂತಿದೆಯಾ ನೋಡಿ. ಇದ್ದರೆ ತೆಗೆದುಹಾಕಿ, ಅದು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರಿಗೂ ಅಡ್ಡ ಬರುತ್ತದೆ. ಆಮೇಲೆ ಮೊಬೈಲ್ ಹಾಟ್‌ಸ್ಪಾಟಿನಿಂದ ಸ್ವಲ್ಪ ಹೊತ್ತು ನೆಟ್ ಕೊಟ್ಟು ಡಿಫೆಂಡರಿನ ವೈರಸ್ ಪಟ್ಟಿ ಹೊಸದು ಮಾಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ಸ್ಕ್ಯಾನ್ ಆಪ್ಶನ್ಸ್‌ಗೆ ಹೋಗಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಮಾಮೂಲಿ ಸ್ಕ್ಯಾನ್ ಸಾಕಲ್ಲ ಅನ್ನಬೇಡಿ. ವಿಂಡೋಸ್ ಓಡುತ್ತಿರುವಾಗ ವೈರಸ್ಸೂ ಓಡುತ್ತಿರುತ್ತದೆ, ತನ್ನನ್ನು ಬಚ್ಚಿಟ್ಟುಕೊಳ್ಳುತ್ತದೆ. ಆಫ್‌ಲೈನ್ ಸ್ಕ್ಯಾನಿನಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ. ಸುಮಾರು 15 ನಿಮಿಷದ ಕೆಲಸ. ಅದಾದ ಮೇಲೆ ಒಂದು ಫುಲ್ ಸ್ಕ್ಯಾನ್ ಹಾಕಿ, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಹಾಕಿದರೆ ಅನುಕೂಲ. ಡಿಫೆಂಡರ್ ತೆರೆಯುವುದೇ ಇಲ್ಲ ಅಂತಾದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇಳಿಸಿಕೊಳ್ಳಿ. ಡೌನ್‌ಲೋಡ್ ಮಾಡಿದ 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಹಳೆಯ ಕಾಪಿ ಇಟ್ಟುಕೊಂಡು ಉಪಯೋಗವಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಟೂಲುಗಳಿವೆ.

ಪೆನ್‌ಡ್ರೈವಿನಲ್ಲಿದ್ದ ಫೈಲುಗಳು ಸಾಮಾನ್ಯವಾಗಿ ಹೋಗಿರುವುದಿಲ್ಲ, ಗಾಬರಿಯಾಗಬೇಡಿ. ವೈರಸ್ ಅವನ್ನು ಅಡಗಿಸಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನೀವು ಅದನ್ನು ಒತ್ತಿದಾಗ ಫೈಲಿನ ಜೊತೆ ವೈರಸ್ಸೂ ಏಳುತ್ತದೆ. ಸ್ಕ್ಯಾನ್ ಆದ ಮೇಲೆ ಫೋಲ್ಡರ್ ಆಪ್ಶನ್ಸ್‌ನ ವ್ಯೂ ಭಾಗದಲ್ಲಿ ಹಿಡನ್ ಫೈಲುಗಳು ಕಾಣುವಂತೆ ಮಾಡಿ, ಪ್ರೊಟೆಕ್ಟೆಡ್ ಸಿಸ್ಟಂ ಫೈಲುಗಳನ್ನು ಅಡಗಿಸುವ ಟಿಕ್ ಕೂಡ ತೆಗೆಯಿರಿ. ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡರೆ ಅದರೊಳಗೆ ನೋಡಿ, ಎಷ್ಟೋ ಸಲ ಎಲ್ಲವೂ ಅಲ್ಲೇ ಇರುತ್ತದೆ. ಕಾಪಿ ಮಾಡಿಕೊಂಡ ಮೇಲೆ ಟಿಕ್ ವಾಪಸ್ ಹಾಕಿಬಿಡಿ.

ಇನ್ನು ಅಪ್‌ಡೇಟಿನ ಎರರ್. 80070422 ಅಂದರೆ ಅಪ್‌ಡೇಟ್ ನಡೆಸುವ ಸರ್ವಿಸ್ ಬಂದ್ ಆಗಿದೆ ಅಂತ ಅರ್ಥ. ಸರ್ಚ್‌ನಲ್ಲಿ ಸರ್ವಿಸಸ್ ಅಂತ ಹುಡುಕಿ ತೆರೆಯಿರಿ. ವಿಂಡೋಸ್ ಅಪ್‌ಡೇಟ್ ಎದುರು ಡಿಸೇಬಲ್ಡ್ ಅಂತ ಇದ್ದರೆ ಮ್ಯಾನ್ಯುಅಲ್ ಮಾಡಿ, ಸ್ಟಾರ್ಟ್ ಒತ್ತಿ. ಅದು ಮತ್ತೆ ತಾನಾಗಿ ಡಿಸೇಬಲ್ ಆದರೆ ವೈರಸ್ ಇನ್ನೂ ಇದೆ, ಇಲ್ಲವೇ ಯಾರೋ ಅಪ್‌ಡೇಟ್ ತಡೆಯುವ ಟೂಲ್ ಹಾಕಿಟ್ಟಿದ್ದಾರೆ. ಈ ಎರಡನೆಯದನ್ನು ನಾನು ಬಹಳ ಕಡೆ ನೋಡಿದ್ದೇನೆ. ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿಕೊಡುವವರು ಅಪ್‌ಡೇಟನ್ನು ಬೇಕಂತಲೇ ಮುಚ್ಚಿರುತ್ತಾರೆ. ನನಗೆ ನಿಮ್ಮ ಫಾರ್ಮ್ಯಾಟ್ ಬಗ್ಗೆ ಭಯ ಇರುವುದೂ ಇದಕ್ಕೇ. ಅದೇ ಪೆನ್‌ಡ್ರೈವಿನಿಂದ ಅದೇ ವಿಂಡೋಸ್ ಮತ್ತೆ ಹಾಕಿದರೆ, ಬಾಗಿಲು ತೆರೆದಿಟ್ಟು ಮನೆ ಗುಡಿಸಿದ ಹಾಗೆ.

ಸರ್ವಿಸ್ ಶುರುವಾದ ಮೇಲೆ ಸಿಸ್ಟಂ ಫೈಲುಗಳ ರಿಪೇರಿ. ನೆಟ್ ಬೇಕು. ಸರ್ಚ್‌ನಲ್ಲಿ ಸಿಎಂಡಿ ಬರೆದು, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮೊದಲು ಈ ಕಮಾಂಡನ್ನು ಇಂಗ್ಲಿಷಿನಲ್ಲಿ ಒಂದೇ ಸಾಲಿನಲ್ಲಿ, ಕಾಮಾ ಇಲ್ಲದೆ ಟೈಪ್ ಮಾಡಿ ಎಂಟರ್ ಒತ್ತಿ: ಡಿಐಎಸ್‌ಎಂ, ಸ್ಲ್ಯಾಶ್ ಆನ್‌ಲೈನ್, ಸ್ಲ್ಯಾಶ್ ಕ್ಲೀನಪ್-ಇಮೇಜ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್. ಪ್ರತಿ ಸ್ಲ್ಯಾಶಿನ ಮುಂಚೆ ಒಂದು ಸ್ಪೇಸ್ ಬಿಡಿ. ಕ್ಲೀನಪ್, ಇಮೇಜ್ ನಡುವೆ ಹೈಫನ್ ಇರಲಿ, ಸ್ಪೇಸ್ ಬೇಡ. ನಡುವೆ ಒಂದೇ ಅಂಕಿಯ ಮೇಲೆ ನಿಂತುಬಿಟ್ಟ ಹಾಗೆ ಕಾಣುತ್ತದೆ, ಮುಚ್ಚಬೇಡಿ, ಕಾಯಿರಿ. ಮುಗಿದ ಮೇಲೆ ಹಾಗೆಯೇ ಎರಡನೇ ಕಮಾಂಡ್: ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಡಿಐಎಸ್‌ಎಂ ಒಳ್ಳೆಯ ಫೈಲುಗಳನ್ನು ಅಪ್‌ಡೇಟ್ ಮೂಲಕ ತರಿಸಿಕೊಳ್ಳುತ್ತದೆ, ಎಸ್‌ಎಫ್‌ಸಿ ಅವನ್ನು ಕೆಟ್ಟ ಫೈಲುಗಳ ಜಾಗಕ್ಕೆ ಹಾಕುತ್ತದೆ. ಅದಕ್ಕೇ ಈ ಕ್ರಮ.

ಡಿಎಲ್‌ಎಲ್ ಎರರಿಗೆ ಒಂದೇ ಮಾತು: ಡಿಎಲ್‌ಎಲ್ ಕೊಡುವ ತಾಣಗಳಿಂದ ಬಿಡಿ ಫೈಲು ಇಳಿಸಬೇಡಿ. ಎರರಿನಲ್ಲಿ ವಿಸಿರನ್‌ಟೈಮ್140 ಅನ್ನುವ ಫೈಲ್ ಇಲ್ಲ ಅಂತ ಬಂದರೆ ಮೈಕ್ರೋಸಾಫ್ಟ್‌ನ ವಿಶುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಹಾಕಿದರೆ ಸಾಕು. ಬೇರೆ ಹೆಸರಿದ್ದರೆ ಬಿಲ್ಲಿಂಗ್ ಸಾಫ್ಟ್‌ವೇರನ್ನೇ ಮರು ಇನ್‌ಸ್ಟಾಲ್ ಮಾಡಿಸಿ.

ಈಗ ಅಪ್‌ಡೇಟ್ ಒತ್ತಿ. 80070070 ಅನ್ನುವ ಎರರ್ ಬಂದರೆ ಡಿಸ್ಕಿನಲ್ಲಿ ಜಾಗವಿಲ್ಲ ಅಂತ ಅರ್ಥ. ಪ್ರತಿ ಸಲ ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ. ತಾರೀಖು ತಪ್ಪಿದ್ದರೂ ಅಪ್‌ಡೇಟ್ ಕೈಕೊಡುತ್ತದೆ.

ಬಿಲ್ ಹೊಡೆಯುವ ಕಂಪ್ಯೂಟರಿಗೆ ಅಪ್‌ಡೇಟ್ ಯಾಕೆ ಅಂತ ಹೋಟೆಲಿನವರು ಕೇಳುತ್ತಾರೆ. 2017ರ ಮೇ 12ರಂದು ವಾನಾಕ್ರೈ ಅನ್ನುವ ರ‍್ಯಾನ್ಸಂವೇರ್ ಹರಡಿತಲ್ಲ, ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಸುಮಾರು ಎರಡು ತಿಂಗಳು ಸಮಯವಿದ್ದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಜೂನ್ ಕೊನೆಗೆ ನಾಟ್‌ಪೆಟ್ಯಾ ಅನ್ನುವ ಇನ್ನೊಂದು ವೈರಸ್ ಬಂತು. ಅದು ಹರಡಿದ ದಾರಿಗಳಲ್ಲಿ ಇದೇ ಕಂಡಿಯೂ ಒಂದು. ಆಗ ಇಲ್ಲೇ ನ್ಹಾವಾ ಶೇವಾ ಬಂದರಿನ ಒಂದು ಕಂಟೇನರ್ ಟರ್ಮಿನಲ್ಲಿನ ಕೆಲಸ ನಿಂತುಹೋಗಿತ್ತು. ಅಷ್ಟು ದೊಡ್ಡ ಕಡೆ ಹಾಗಾದರೆ ನಮ್ಮ ಗಲ್ಲಾಪೆಟ್ಟಿಗೆಯ ಕಂಪ್ಯೂಟರ್ ಹೇಗೆ ಉಳಿದೀತು?

ಇನ್ನೊಂದು ವಿಷಯ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿಮ್ಮ ಕಂಪ್ಯೂಟರ್ 8ನೇ ತಲೆಮಾರಿನ ಇಂಟೆಲ್ ಅಥವಾ ಅದಕ್ಕಿಂತ ಹೊಸದಾಗಿದ್ದು, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಇದ್ದರೆ ವಿಂಡೋಸ್ 11ಕ್ಕೆ ಹೋಗಿ. ಆಗದಿದ್ದರೆ ಬಿಲ್ಲಿಂಗಿಗೆ ಬೇರೆ ಕಂಪ್ಯೂಟರ್ ನೋಡುವುದೇ ಒಳ್ಳೆಯದು.

ಫಾರ್ಮ್ಯಾಟ್ ಯಾವಾಗ? ಆಫ್‌ಲೈನ್ ಸ್ಕ್ಯಾನ್ ಆದ ಮೇಲೂ ವೈರಸ್ ಮರಳಿ ಬಂದರೆ, ಇಲ್ಲವೇ ಎಸ್‌ಎಫ್‌ಸಿ ಎರಡನೇ ಸಲವೂ ಕೆಲವು ಫೈಲು ಸರಿಮಾಡಲಾಗಲಿಲ್ಲ ಅಂದರೆ ಮಾಡಿಸಿ. ಆದರೆ ಮೈಕ್ರೋಸಾಫ್ಟ್ ತಾಣದಿಂದ ಇಳಿಸಿದ ವಿಂಡೋಸನ್ನೇ ಹಾಕಿಸಿ, ನಿಮ್ಮ ಕಣ್ಣೆದುರೇ. ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ಲಾಗಿನ್ ಮಾಡಿದ್ದರೆ ಇವತ್ತೇ ಮೊಬೈಲಿನಿಂದ ಪಾಸ್‌ವರ್ಡ್ ಬದಲಿಸಿ, ಇದಕ್ಕೆ ಸ್ಕ್ಯಾನ್ ಮುಗಿಯುವವರೆಗೆ ಕಾಯಬೇಡಿ. ಎಸ್‌ಎಫ್‌ಸಿ ಮುಗಿದಾಗ ಪರದೆಯ ಮೇಲೆ ಬಂದ ಕೊನೆಯ ಸಾಲಿನ ಫೋಟೋ ಇಲ್ಲಿ ಹಾಕಿ, ಮುಂದೇನು ಅಂತ ಹೇಳುತ್ತೇನೆ.